ನೈಲಾನ್ ಪಿಸ್ತೂಲಿನ ಬಿಳಿ ಮಚ್ಚೆ

ಆ ಪಿಸ್ತೂಲುಗಳು ಬಂದ ದಿನ ನಮ್ಮ ಆಯುಧ ಕೋಣೆಯಲ್ಲಿ ನಗುವೋ ನಗು. ಕೈಗೆತ್ತಿಕೊಂಡವರೆಲ್ಲ ತೂಗಿ ನೋಡಿ, ಇದೇನು ಮಕ್ಕಳಾಟದ ಸಾಮಾನಾ ಎಂದು ಮೂಗು ಮುರಿದರು. ಗುಂಡು ಹೋಗುವ ನಳಿಗೆ ಮತ್ತು ಅದರ ಮೇಲೆ ಹಿಂದೆ ಮುಂದೆ ಜಾರುವ ಭಾಗ ಮಾತ್ರ ಉಕ್ಕಿನದು. ಅವೆರಡನ್ನೂ ಹೊತ್ತುಕೊಳ್ಳುವ ಚೌಕಟ್ಟು, ಕೈಯಲ್ಲಿ ಹಿಡಿಯುವ ಹಿಡಿ, ಎಲ್ಲ ಸೇರಿ ಒಂದೇ ತುಂಡು ಕಪ್ಪು ನೈಲಾನು. ಗಟ್ಟಿಯಾಗಲಿ ಎಂದು ಅದರೊಳಗೆ ಗಾಜಿನ ಸಣ್ಣ ಎಳೆಗಳನ್ನು ಬೆರೆಸಿದ್ದಾರೆ ಎಂದು ತಂದವರು ಹೇಳಿದರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕೆ.ಜಿ.ಎಫ್‌ನ ಗಣಿಯೊಂದರ ಕಾವಲು ವಿಭಾಗದಲ್ಲಿ ಆರ್ಮರರ್. ಅಂದರೆ ಕಾವಲಿನವರ ಬಂದೂಕು, ರಿವಾಲ್ವರುಗಳನ್ನು ಉಜ್ಜಿ, ಎಣ್ಣೆ ಹಾಕಿ, ಕೆಟ್ಟದ್ದನ್ನು ಸರಿಮಾಡಿ ಇಡುವವನು. ಪಿಸ್ತೂಲು ಕಳಿಸಿದ್ದು ಸರ್ಕಾರದ ಒಂದು ಪರೀಕ್ಷಾ ಕೇಂದ್ರ. ಅವರಿಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಈ ಪ್ಲಾಸ್ಟಿಕ್ ಎಷ್ಟು ವರ್ಷ ಬಾಳುತ್ತದೆ? ವರ್ಷಗಟ್ಟಲೆ ಕಾಯುವ ತಾಳ್ಮೆ ಯಾರಿಗಿದೆ? ಬಿಸಿ, ಬೆವರು, ದೂಳು ಮೂರೂ ವಿಪರೀತವಾಗಿ ಸಿಗುವ ಜಾಗ ಹುಡುಕಿದ್ದಾರೆ. ಯಾರೋ ಪುಣ್ಯಾತ್ಮರು ನಮ್ಮ ಗಣಿಯ ಹೆಸರು ಹೇಳಿದ್ದಾರೆ. ಕೆಳಗಿನ ಹಂತಗಳಲ್ಲಿ ಬಂಡೆಯನ್ನು ಮುಟ್ಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು, ಅಷ್ಟು ಕಾವು. ಅಲ್ಲಿ ಬಾಳಿದ್ದು ಮೇಲೆ ಎಲ್ಲಾದರೂ ಬಾಳುತ್ತದೆ ಎಂಬುದು ಅವರ ಲೆಕ್ಕಾಚಾರ.

ಏರ್ಪಾಡು ಸರಳವಾಗಿತ್ತು. ಕೆಳಗೆ ಕಾವಲಿಗೆ ಇಳಿಯುವ ಕೆಲವರು ದಿನವೂ ಈ ಪಿಸ್ತೂಲನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗಬೇಕು. ಸಿಡಿಮದ್ದು ಇಡುವ ಜಾಗವಾದ್ದರಿಂದ ಗುಂಡು ತುಂಬುವ ಹಾಗಿಲ್ಲ, ಖಾಲಿ ಪಿಸ್ತೂಲು. ಮೇಲೆ ಬಂದ ಮೇಲೆ ನನಗೆ ಒಪ್ಪಿಸಬೇಕು. ನಾನು ಒರೆಸಿ ಎಣ್ಣೆ ಹಾಕಿ ಇಡಬೇಕು. ತಿಂಗಳಿಗೊಮ್ಮೆ ಗುಂಡು ಹೊಡೆಯುವ ಮೈದಾನಕ್ಕೆ ಒಯ್ದು ಹೊಡೆದು ನೋಡಬೇಕು.

"ಗುಂಡಿಲ್ದಿರೋ ಪಿಸ್ತೂಲು ಕಟ್ಕಂಡು ಯಾರ್ನ ಎದ್ರುಸೋದಣ್ಣಾ? ಕೆಳಗಿರೋ ಎಗ್ಗಣಾನೂ ನಗ್ತದೆ" ಎಂದಿದ್ದ ಅವರಲ್ಲೊಬ್ಬ ಕಾವಲುಗಾರ. ಈ ಕಥೆಯೆಲ್ಲ ಅವನದೇ. ಬಂಗಾರಪೇಟೆ ಪಕ್ಕದ ಹಳ್ಳಿಯವನು. ಬೆಳಿಗ್ಗೆ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ರೈಲು ಹತ್ತಿ ಗಣಿಯ ಪಕ್ಕದ ಉರಿಗಾಂ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದ. ಶಿಫ್ಟ್ ಮುಗಿದ ಮೇಲೆ ಸಂಜೆ ರೈಲು ತಪ್ಪಿಸಿಕೊಂಡರೆ ಹಸುಗಳು ಕೂಗಿ ಊರು ಒಂದು ಮಾಡುತ್ತವೆ ಎಂದು ಹೇಳಿಕೊಂಡು ದಿನವೂ ಓಡುತ್ತಿದ್ದ. ಅವನು ಪಿಸ್ತೂಲನ್ನು ನನ್ನ ಕಿಟಕಿಯಲ್ಲಿ ಕೊಡುವಾಗಲೂ ಒಂದು ಕಾಲು ಹೊರಗೇ ಇರುತ್ತಿತ್ತು.

ಕೆಲವು ತಿಂಗಳು ಏನೂ ಆಗಲಿಲ್ಲ. ಹಳೆಯ ರಿವಾಲ್ವರುಗಳ ಮೇಲೆ ಬೆವರಿಗೆ ವಾರದೊಳಗೆ ತುಕ್ಕು ಬರುತ್ತಿತ್ತು. ಈ ನೈಲಾನಿಗೆ ಒಂದು ಗೀಟೂ ಇಲ್ಲ. ಎಣ್ಣೆಬಟ್ಟೆಯಲ್ಲಿ ಒರೆಸಿದರೆ ಕಪ್ಪಗೆ ಹೊಳೆಯುತ್ತಿತ್ತು. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ನನಗೂ ಕೆಲಸ ಕಮ್ಮಿಯಾಯಿತೆಂದು ಸಮಾಧಾನ.

ಆಮೇಲೊಂದು ಬೆಳಿಗ್ಗೆ ಮೈದಾನದಲ್ಲಿ ಆ ಕಾವಲುಗಾರನ ಸರದಿ ಬಂತು. ಹೊಡೆಯುವ ಮುಂಚೆ ಎಣ್ಣೆಯನ್ನೆಲ್ಲ ಪೆಟ್ರೋಲಿನಿಂದ ತೊಳೆದು ಒಣಗಿಸಿ ಕೊಡುವುದು ಪದ್ಧತಿ, ಕೋಣೆಯ ಮಂದ ಬೆಳಕಿನಲ್ಲಿ ಹಾಗೇ ತೊಳೆದು ಕೊಟ್ಟೆ. ಮೊದಲ ಗುಂಡು ಸರಿಯಾಗಿ ಹೋಯಿತು. ಎರಡನೆಯದಕ್ಕೆ ಚಟ್ ಎಂದು ಬೇರೆಯದೇ ಸದ್ದು ಬಂತು. ಬೆರಳಿನಿಂದ ಎಳೆಯುವ ಕುದುರೆಗೆ ಅಡ್ಡಲಾಗಿರುವ ಬಳೆಯ ಮೇಲಿನಿಂದ ಚೌಕಟ್ಟು ಸೀಳಿಕೊಂಡಿತ್ತು. ಮೇಲಿನ ಉಕ್ಕು ಕಳಚಿ, ಅವನ ಹೆಬ್ಬೆರಳ ಬುಡ ಹರಿದು ರಕ್ತ ಸುರಿಯುತ್ತಿತ್ತು. ಅವನು ಕೈ ಹಿಡಿದುಕೊಂಡು ಕೂತುಬಿಟ್ಟ. ನಾನು ಬಟ್ಟೆ ಕಟ್ಟುವಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ಭದ್ರತಾ ಅಧಿಕಾರಿಗಳು ಮುರಿದ ಪಿಸ್ತೂಲನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

"ಇದೇನ್ರೀ ಇದು?" ಎಂದರು.

ಹಿಡಿಯ ಮೇಲೆ, ಬಳೆಯ ಸುತ್ತ ಬಿಳಿ ಮಚ್ಚೆಗಳು. ಉಗುರಿನಲ್ಲಿ ಕೆರೆದರೆ ಪುಡಿ. ಪುಡಿ ಬಿಸಿಲಿಗೆ ಮಿಣಮಿಣ ಮಿನುಗಿತು. ನಮ್ಮೂರಿನಲ್ಲಿ ಹಾಗೆ ಮಿನುಗುವ ಬಿಳಿ ಪುಡಿ ಒಂದೇ, ಚಿನ್ನವನ್ನು ಹೊಟ್ಟೆಯಲ್ಲಿಟ್ಟುಕೊಂಡ ಬಿಳಿ ಕಲ್ಲಿನದು. ಆ ಕಾವಲುಗಾರ ಕೆಲಸ ಮಾಡುತ್ತಿದ್ದದ್ದು ಒಳ್ಳೆಯ ಅದಿರು ಸಿಗುವ ಮೂಲೆಯಲ್ಲಿ.

"ಹಿಡಿಯಲ್ಲಿ ಕಲ್ಲು ಕುಟ್ಟಿದ್ದಾನೆ" ಎಂದರು ಅಧಿಕಾರಿಗಳು. "ಕುಟ್ಟಿ ಕುಟ್ಟಿ ಪಿಸ್ತೂಲು ಬಿರುಕು ಬಿಟ್ಟಿದೆ. ಕಾಯೋಕೆ ಇಟ್ಟವನೇ ಕದೀತಿದ್ದಾನೆ."

ಅವನು ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತ. "ಸಾಮಿ, ನಾನು ಕಲ್ಲು ಮುಟ್ಟಿಲ್ಲ. ದ್ಯಾವ್ರಾಣೆಗೂ ಮುಟ್ಟಿಲ್ಲ. ದಿನಾ ಸರ್ಚ್ ಮಾಡ್ತಾರಲ್ಲ, ಕೇಳಿ ಬೇಕಾರೆ." ಅಧಿಕಾರಿಗಳು ಕೇಳಲಿಲ್ಲ. ಅವತ್ತೇ ಅವನನ್ನು ಕೆಲಸದಿಂದ ದೂರ ಇಟ್ಟು, ವಿಚಾರಣೆ ಎಂದರು. ಪಿಸ್ತೂಲು ಯಾಕೆ ಮುರಿಯಿತೆಂದು ನಾನು ವರದಿ ಕೊಡಬೇಕಿತ್ತು. ಬೇರೆ ಆರೋಪವಾಗಿದ್ದರೆ ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಗಣಿಯ ಕಾವಲಿನವನಿಗೆ ಚಿನ್ನದ ಕಳ್ಳ ಎಂಬ ಹೆಸರು ಬಂದರೆ ಕೆಲಸ ಹೋಗುವುದಿರಲಿ, ಬಂಗಾರಪೇಟೆ ರೈಲಿನಲ್ಲಿ ಪಕ್ಕ ಕೂರುವವರೂ ಸರಿದು ಕೂರುತ್ತಾರೆ.

ಮುರಿದ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ಕೂತೆ. ಕಲ್ಲು ಕುಟ್ಟಿದ್ದರೆ ಹಿಡಿಯ ಅಂಚು ಜಜ್ಜಿರಬೇಕು. ಅಂಚುಗಳು ಹೊಸದರಂತೆಯೇ ಇದ್ದವು. ಬಿಳಿ ಮಚ್ಚೆಗಳು ಬೆರಳು ಜಾರದಿರಲೆಂದು ಹಿಡಿಯ ಮೇಲೆ ಕೊರೆದ ಸಣ್ಣ ಗೀರುಗಳ ಒಳಗೂ ಇದ್ದವು, ಕಲ್ಲು ತಾಗಲಾರದ ಸಂದಿಯಲ್ಲೂ ಇದ್ದವು. ಮಿನುಗುತ್ತಿದ್ದದ್ದು ಕಲ್ಲಿನ ಪುಡಿಯಲ್ಲ, ನೈಲಾನಿನೊಳಗೆ ಬೆರೆಸಿದ್ದ ಗಾಜಿನ ಎಳೆ. ಸುತ್ತಲಿನ ನೈಲಾನನ್ನು ಏನೋ ತಿಂದುಹಾಕಿ ಎಳೆಗಳನ್ನು ಬಯಲಿಗೆ ಬಿಟ್ಟಿತ್ತು. ದಿನವೂ ನಾನು ಎಣ್ಣೆ ಒರೆಸಿದಾಗ ಅದು ಮತ್ತೆ ಕಪ್ಪಾಗಿ ಕಾಣುತ್ತಿತ್ತು, ಪೆಟ್ರೋಲಿನಲ್ಲಿ ತೊಳೆದಾಗಷ್ಟೇ ಬಿಳಿ ಹೊರಬಿದ್ದಿತ್ತು. ಉಕ್ಕಾಗಿದ್ದರೆ ಕೆಂಪು ತುಕ್ಕು ಮೊದಲ ವಾರವೇ ಕಣ್ಣಿಗೆ ರಾಚುತ್ತಿತ್ತು.

ಪಿಸ್ತೂಲಿನ ಚರ್ಮದ ಪೌಚನ್ನು ಮಡಿಸಿ ನೋಡಿದೆ. ಹಪ್ಪಳದ ಹಾಗೆ ಮುರಿಯಿತು. ಹೊಲಿಗೆಯ ದಾರ ಕೈಗೆ ಪುಡಿಯಾಗಿ ಬಂತು. ಬಟ್ಟೆ ಒಗೆಯುವ ಸೋಡಾವನ್ನು ನೀರಿನಲ್ಲಿ ಕಲಸಿ ಅದರ ಒಳಗೆ ಹನಿಸಿದೆ. ಚರ್ಮ ನೊರೆ ನೊರೆಯಾಯಿತು. ಆಸಿಡ್! ಕುರ್ಚಿಯಿಂದ ಎದ್ದವನೇ ಅಧಿಕಾರಿಗಳ ಕೋಣೆಗೆ ಓಡಿದೆ. ಆ ವಯಸ್ಸಿನಲ್ಲಿ ಅಷ್ಟು ಉತ್ಸಾಹ ಬರಬಾರದಿತ್ತು.

ಅವರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಸಿಡ್ ಅಂತ ನೀವೇ ಹೇಳ್ತಿದ್ದೀರಿ. ಕೆ.ಜಿ.ಎಫ್‌ನಲ್ಲಿ ಮನೇಲಿ ಆಸಿಡ್ ಇಟ್ಕೊಳೋರು ಯಾರು ಹೇಳಿ?"

ಕದ್ದ ಚಿನ್ನವನ್ನು ಶುದ್ಧ ಮಾಡುವವರು ಆಸಿಡ್ ಇಟ್ಟುಕೊಳ್ಳುತ್ತಾರೆಂದು ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಅವನನ್ನು ಉಳಿಸಲು ಹೋಗಿ ನಾನೇ ಗುಂಡಿಗೆ ತಳ್ಳಿದ್ದೆ.

ಪುಣ್ಯಕ್ಕೆ ಅದಿರು ಪರೀಕ್ಷೆ ಮಾಡುವ ಪ್ರಯೋಗಾಲಯದವರು ಪೌಚಿನ ಚೂರು ತೆಗೆದುಕೊಂಡು ನೋಡಿ, ಇದು ಚಿನ್ನ ತೊಳೆಯುವ ಆಸಿಡ್ ಅಲ್ಲ, ಬ್ಯಾಟರಿ ಆಸಿಡ್ ಎಂದರು. ಕೆಳಗೆ ಇಳಿಯುವ ಪ್ರತಿಯೊಬ್ಬನ ಹೆಲ್ಮೆಟ್ಟಿಗೆ ಒಂದು ದೀಪ, ಆ ದೀಪಕ್ಕೆ ಸೊಂಟದ ಬೆಲ್ಟಿನಲ್ಲಿ ಹಿಂದುಗಡೆ ಒಂದು ಭಾರವಾದ ಬ್ಯಾಟರಿ. ಅದೇ ಇರಬೇಕೆಂದು ಮತ್ತೆ ಅಧಿಕಾರಿಗಳ ಮುಂದೆ ನಿಂತೆ.

"ಸರಿ, ಒಪ್ಪೋಣ" ಎಂದರು ಅವರು. "ಮಿಕ್ಕವರೂ ಅದೇ ಬ್ಯಾಟರಿ, ಅದೇ ಪಿಸ್ತೂಲು ಕಟ್ಕೊಂಡೇ ಇಳೀತಾರೆ. ಅವರದಕ್ಕೆ ಯಾಕೆ ಏನೂ ಆಗಿಲ್ಲ? ಇವನದಕ್ಕೆ ಮಾತ್ರ ಯಾಕೆ?"

ನ್ಯಾಯವಾದ ಪ್ರಶ್ನೆ. ಮಿಕ್ಕ ಪಿಸ್ತೂಲುಗಳನ್ನೆಲ್ಲ ನಾನೂ ಪೆಟ್ರೋಲಿನಲ್ಲಿ ತೊಳೆದು ನೋಡಿದ್ದೆ. ಒಂದರಲ್ಲೂ ಮಚ್ಚೆ ಇರಲಿಲ್ಲ.

ದೀಪ, ಬ್ಯಾಟರಿಗಳನ್ನು ಚಾರ್ಜ್ ಮಾಡಿ ಕೊಡುವ ಲ್ಯಾಂಪ್ ರೂಮಿನ ಹಿರಿಯ ನೌಕರನನ್ನು ಕೇಳಿದೆ. "ನಿಂತಿದ್ರೆ ಬ್ಯಾಟರಿ ಸೋರಲ್ಲ ಸಾರ್. ಪಡುಕ್ಕ ವೆಚ್ಚಾ ಸೋರತ್ತೆ" ಎಂದ, ತಮಿಳು ಕನ್ನಡ ಕಲಸಿ. "ಮಲಗ್ಸಿದ್ರೆ ಮೂತಿಯಿಂದ ಹನಿ ಬೀಳತ್ತೆ. ಯಾರು ಮಲಗ್ಸ್ತಾರೆ?" ಅದೇ ನನಗೂ ತಿಳಿಯಲಿಲ್ಲ. ಕಾವಲುಗಾರ ಕೆಳಗೆ ಶಿಫ್ಟ್ ಪೂರ್ತಿ ನಿಂತೇ ಇರುತ್ತಾನೆ.

ಒಂದು ಭಾನುವಾರ ಬೆಲ್ಟು, ಖಾಲಿ ಬ್ಯಾಟರಿ, ಪೌಚನ್ನು ಚೀಲಕ್ಕೆ ಹಾಕಿಕೊಂಡು ಬಂಗಾರಪೇಟೆಯಲ್ಲಿಳಿದು ಅವನ ಹಳ್ಳಿಗೆ ನಡೆದೆ. ಅವನು ಕೊಟ್ಟಿಗೆಯ ಮುಂದೆ ಕೂತಿದ್ದ. ಕೈಯ ಗಾಯ ಮಾಗಿತ್ತು. ಮುಖ ಮಾತ್ರ ಇಳಿದುಹೋಗಿತ್ತು. ನನ್ನನ್ನು ನೋಡಿ ಎದ್ದ. ಬಾ ಎನ್ನಲಿಲ್ಲ. ಅವನ ಹೆಂಡತಿ ಚಾಪೆ ಹಾಕಿ, "ಕೂತ್ಕಳ್ಳಣ್ಣಾ. ಡೈರಿತಾವ ಓದ್ರೆ ಹೆಂಗಸ್ರು ನನ್ ಕಿವಿ ನೋಡ್ತಾರೆ, ಒಸಾ ವಾಲೆ ಐತಾ ಅಂತ. ಇವೇ ಅಣ್ಣಾ, ಮದ್ವೇಲಿ ಆಕಿದ್ದು" ಎಂದು ಓಲೆ ಮುಟ್ಟಿ ತೋರಿಸಿದಳು. ನನಗೆ ತಲೆ ಎತ್ತಲಾಗಲಿಲ್ಲ.

ಬೆಲ್ಟನ್ನು ಅವನಿಗೆ ಕೊಟ್ಟೆ. "ಕಟ್ಕೊ. ಶಿಫ್ಟ್ ಮುಗಿದು ಗಣಿಯಿಂದ ಮೇಲೆ ಬಂದೆ ಅಂದ್ಕೊ. ಆಮೇಲೆ ಏನೇನು ಮಾಡ್ತೀಯೋ ಮಾಡಿ ತೋರಿಸು."

"ಏನ್ ಮಾಡ್ತೀನಿ? ಸರ್ಚ್‌ಗೆ ಓಗ್ತೀನಿ."

"ಬಾಯಲ್ಲಿ ಬೇಡ ಕಣಪ್ಪ. ಮಾಡು."

ಗಣಿಯಿಂದ ಮೇಲೆ ಬಂದವರನ್ನೆಲ್ಲ ಮೈ ಮುಟ್ಟಿ ಹುಡುಕಿಯೇ ಹೊರಗೆ ಬಿಡುವುದು. ಕಾವಲಿನವರನ್ನೂ ಬಿಡುವುದಿಲ್ಲ, ಅವರಿಗೆ ಬೇರೆ ಕಾವಲಿನವರು. ಸೊಂಟದಲ್ಲಿದ್ದುದನ್ನೆಲ್ಲ ಬಿಚ್ಚಿ ಮೇಜಿನ ಮೇಲಿಟ್ಟು ಕೈ ಮೇಲೆತ್ತಿ ನಿಲ್ಲಬೇಕು. ಬೇರೆಯವರು ಮೊದಲು ಬ್ಯಾಟರಿ ಕಳಚಿ ನೆಟ್ಟಗೆ ನಿಲ್ಲಿಸುತ್ತಾರೆ, ಆಮೇಲೆ ಪೌಚು, ಆಮೇಲೆ ಬೆಲ್ಟು. ಅವನು ಅಂಗಳದಲ್ಲಿ ನಿಂತು ಕೊಂಡಿ ಬಿಚ್ಚಿದ. ಒಂದನ್ನೂ ಕಳಚದೆ ಬೆಲ್ಟನ್ನು ಒಂದು ತುದಿಯಿಂದ ಚಾಪೆ ಸುತ್ತಿದ ಹಾಗೆ ಸರಸರ ಸುತ್ತಿದ. ಪೌಚು ಒಳಗಾಯಿತು, ಬ್ಯಾಟರಿ ಅದರ ಮೇಲೆ ಅಡ್ಡ ಮಲಗಿತು. ಸುರುಳಿಯನ್ನು ಜಗಲಿ ಮೇಲಿಟ್ಟು ಕೈ ಮೇಲೆತ್ತಿದ.

"ಯಾಕೆ ಹೀಗೆ ಸುತ್ತುತ್ತೀಯ?"

"ಒಂದೊಂದೇ ಬಿಚ್ಚಿ, ಮತ್ತೆ ಒಂದೊಂದೇ ಎತ್ಕಳೋ ಒತ್ಗೆ ರೈಲು ಓಗ್ಬುಡ್ತದಣ್ಣಾ. ಇಂಗ್ ಸುತ್ಬುಟ್ರೆ ಎತ್ಕಂಡ್ ಓಡೋದೇಯಾ."

ಸರ್ಚ್ ಮುಗಿಯುವವರೆಗೆ, ಆಮೇಲೆ ಲ್ಯಾಂಪ್ ರೂಮಿನ ಸಾಲಿನಲ್ಲಿ ಬಗಲಲ್ಲಿಟ್ಟುಕೊಂಡು ನಿಂತಷ್ಟು ಹೊತ್ತು, ದಿನವೂ ಬ್ಯಾಟರಿ ಮಲಗಿಕೊಂಡು ಪೌಚಿನ ಬಾಯಿಗೆ ಹನಿಸುತ್ತಿತ್ತು. ಮರುದಿನ ಕೆಳಗಿನ ಕಾವಿಗೆ ನೀರು ಆರಿ ಆಸಿಡ್ ಮಾತ್ರ ಚರ್ಮದಲ್ಲಿ ಉಳಿದು ನೈಲಾನನ್ನು ತಿನ್ನುತ್ತಿತ್ತು. ಅಲ್ಲೇ ನಾನು ಅವನಿಗೆ ಬಿಡಿಸಿ ಹೇಳಿದೆ. ಸಂತೋಷಪಡುತ್ತಾನೆಂದುಕೊಂಡಿದ್ದೆ. ಅವನು ಸುರುಳಿಯನ್ನೇ ನೋಡುತ್ತ ಕೂತ.

"ಅಂಗಾರೆ ನಂದೇ ತಪ್ಪು ಅಂದಂಗಾಯ್ತು."

"ತಪ್ಪು ಅನ್ನೋದಕ್ಕೆ ಯಾರೂ ನಿನಗೆ ಹೀಗೆ ಸುತ್ತಬೇಡ ಅಂದಿರಲಿಲ್ಲ."

"ಬರಿಯಣ್ಣಾ. ನಂದೇ ತಪ್ಪು ಅಂತ್ಲೇ ಬರಿ. ಕಳ್ಳ ಅಂತ ಮಾತ್ರ ಬ್ಯಾಡ." ಹೆಂಡತಿ ಒಳಗೆ ಹೋಗಿಬಿಟ್ಟಳು.

ಪರೀಕ್ಷಾ ಕೇಂದ್ರದ ಇಂಜಿನಿಯರಿಗೆ ಫೋನ್ ಮಾಡಿದೆ. ಅವರು ಉತ್ಸಾಹದಿಂದ, ಇನ್ನೊಂದು ಪಿಸ್ತೂಲನ್ನು ತಟ್ಟೆಯಲ್ಲಿ ಆಸಿಡ್ ಹಾಕಿ ಮುಳುಗಿಸಿ, ಬೇಗ ಗೊತ್ತಾಗುತ್ತದೆ ಎಂದರು. ಆ ರಾತ್ರಿಯೆಲ್ಲ ಅದೇ ಯೋಚನೆ. ಮುಳುಗಿಸಿದರೆ ಕೆಟ್ಟೇ ಕೆಡುತ್ತದೆ. ಆದರೆ ಅಧಿಕಾರಿಗಳ ಬಾಯಿಂದ ಬರುವ ಮಾತು ನನಗೆ ಮೊದಲೇ ಕೇಳಿಸುತ್ತಿತ್ತು: ಅವನೂ ಹಾಗೇ ಸುರಿದಿರಬಹುದು. ಯಾರೂ ಸುರಿಯದೆ, ಬರೀ ದಿನದ ಕೆಲಸದಿಂದಲೇ ಹೀಗಾಗುತ್ತದೆ ಎಂದು ತೋರಿಸದೆ ಆ ಮನುಷ್ಯನಿಗೆ ಬಿಡುಗಡೆ ಇರಲಿಲ್ಲ. ತೋರಿಸುವುದಕ್ಕೆ ತಿಂಗಳುಗಳು ಬೇಕು. ಅಷ್ಟು ದಿನವೂ ಅವನು ಕೊಟ್ಟಿಗೆಯ ಮುಂದೆ ಕೂತಿರಬೇಕು. ಬೆಳಗಾದ ಮೇಲೆ ತೀರ್ಮಾನ ಮಾಡಿದೆ. ಮಚ್ಚೆಯಿಲ್ಲದ ಒಂದು ಪಿಸ್ತೂಲನ್ನು ಅಧಿಕಾರಿಗಳ ಎದುರಿಗೇ ತೊಳೆದು ತೋರಿಸಿ, ನಾನೇ ಕಟ್ಟಿಕೊಂಡು ಇಳಿಯುತ್ತೇನೆ ಎಂದೆ. ದಿನವೂ ಸರ್ಚ್ ಮೇಜಿನ ಮೇಲೆ ಎಲ್ಲರ ಕಣ್ಣೆದುರಿಗೆ ಸುತ್ತುತ್ತೇನೆ, ಶಿಫ್ಟ್ ಮುಗಿದ ಮೇಲೆ ಪಿಸ್ತೂಲು ನಿಮ್ಮ ಬೀರುವಿನಲ್ಲೇ ಇರಲಿ ಎಂದೂ ಸೇರಿಸಿದೆ.

"ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾ?" ಎಂದರು. ಬೇಡ ಎನ್ನಲಿಲ್ಲ.

ಆ ದಿನಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ದಣಿವು, ಅಷ್ಟೇ. ಆಳುಗಳನ್ನು ಗಣಿಗೆ ಇಳಿಸುವ ಲಿಫ್ಟು, ಅಂದರೆ ಕೇಜು, ಇಳಿಯುವಾಗ ಕಿವಿ ಗುಂಯ್ ಎನ್ನುತ್ತಿತ್ತು. ಬಾಗಿಲು ತೆಗೆದೊಡನೆ ಅನ್ನದ ತಪ್ಪಲೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಮೇಜಿನ ಮುಂದೆ ಕೂತು ಕೆಲಸ ಮಾಡಿದ ಮೈ, ಸುಮ್ಮನೆ ನಿಲ್ಲುವುದೇ ಶಿಕ್ಷೆ. ಬೆವರು ಬೂಟಿನೊಳಗೆ ಇಳಿದು ಪಚಪಚ ಎನ್ನುತ್ತಿತ್ತು. ಬ್ಯಾಟರಿಯ ಭಾರಕ್ಕೆ ಸೊಂಟ ಹಿಡಿದುಕೊಂಡಿತು. ಮನೆಯಲ್ಲಿ ಹೆಂಡತಿ ಬೆನ್ನಿಗೆ ಎಣ್ಣೆ ತಿಕ್ಕುತ್ತ ಬೈಯುತ್ತಿದ್ದಳು. ಪ್ಯಾಂಟಿನ ಹಿಂಭಾಗದಲ್ಲಿ ತೂತುಗಳು ಬಿದ್ದವು. ಅದೊಂದೇ ನನಗೆ ಖುಷಿ ಕೊಟ್ಟದ್ದು, ಹನಿ ಬೀಳುತ್ತಿದೆ ಎಂದು.

ತಿಂಗಳಾಯಿತು, ಎಣ್ಣೆ ತೊಳೆದು ನೋಡಿದರೆ ನೈಲಾನು ಕಪ್ಪಗೇ ಇತ್ತು. ಮತ್ತೊಂದು ತಿಂಗಳು, ಹಾಗೇ. ಮಧ್ಯೆ ಬ್ಯಾಟರಿ ಕೆಟ್ಟು ಲ್ಯಾಂಪ್ ರೂಮಿನವರು ಹೊಸದು ಕೊಟ್ಟರು, ಅದು ಸೋರುವುದೇ ಇಲ್ಲ! ಹಳೆಯ ಸೋರುವ ಬ್ಯಾಟರಿಯನ್ನೇ ಕೊಡಪ್ಪ ಎಂದು ಬೇಡಿಕೊಂಡವನು ಆ ಗಣಿಯಲ್ಲಿ ನಾನೊಬ್ಬನೇ ಇರಬೇಕು. ಒಂದು ಸಂಜೆ ನನಗೇ ಅನುಮಾನ ಬಂತು. ಇವನು ನಿಜವಾಗಿಯೂ ಕುಟ್ಟಿದ್ದನೇ? ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಮಳೆಗಾಲ ಕಳೆದ ಮೇಲೆ ಅಧಿಕಾರಿಗಳ ಮೇಜಿನ ಮೇಲೆ ಪೆಟ್ರೋಲಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿದಾಗ ಬಳೆಯ ಪಕ್ಕ ಬೂದಿ ಬಣ್ಣದ ಸಣ್ಣ ಮಚ್ಚೆ ಕಂಡಿತು. ಅವರೇ ಕನ್ನಡಕ ಹಾಕಿಕೊಂಡು ಬಗ್ಗಿ, ಉಗುರಿನಲ್ಲಿ ಕೆರೆದರು. ಪುಡಿ ಕಿಟಕಿಯ ಬೆಳಕಿಗೆ ಮಿನುಗಿತು. "ಇನ್ನೂ ಸ್ವಲ್ಪ ದಿನ ಇಳೀರಿ" ಎಂದರು. ದನಿ ಮೆತ್ತಗಾಗಿತ್ತು.

ಕೊನೆಗೆ ಪಿಸ್ತೂಲನ್ನು ಮೈದಾನದಲ್ಲಿ ಕಬ್ಬಿಣದ ಇಕ್ಕಳಕ್ಕೆ ಬಿಗಿದು, ದೂರದಿಂದ ದಾರ ಎಳೆದು ಹೊಡೆದೆವು. ಪರೀಕ್ಷಾ ಕೇಂದ್ರದ ಇಂಜಿನಿಯರೂ ಬಂದಿದ್ದರು. ಕೆಲವು ಗುಂಡು ಹೋದವು. ಆಮೇಲೆ ಅದೇ ಚಟ್ ಎಂಬ ಸದ್ದು. ಸೀಳು ಅದೇ ಜಾಗದಲ್ಲಿ. ಇಂಜಿನಿಯರು, ಎಂಥ ಒಳ್ಳೆಯ ಫಲಿತಾಂಶ ಎಂದು ನನ್ನ ಕೈ ಕುಲುಕಿ, ಪಿಸ್ತೂಲು, ಪೌಚು, ಬೆಲ್ಟು ಎಲ್ಲ ಚೀಲಕ್ಕೆ ಹಾಕಿಕೊಂಡರು. ಬಿಸಿ, ಬೆವರು, ದೂಳು ತಡೆಯುತ್ತದೆ, ಬ್ಯಾಟರಿ ಆಸಿಡ್ ತಡೆಯುವುದಿಲ್ಲ ಎಂದು ಬರೆದುಕೊಂಡು ಹೋದರು. ಮಿಕ್ಕ ನೈಲಾನ್ ಪಿಸ್ತೂಲುಗಳೂ ಅವರ ಜೊತೆಗೇ ಹೋದವು. ನಮ್ಮವರು ಮತ್ತೆ ತುಕ್ಕು ಹಿಡಿಯುವ ಹಳೆಯ ರಿವಾಲ್ವರಿಗೆ ಬಂದರು. ಮತ್ತೆ ನಾನು ಉಜ್ಜಲು ಕೂತೆ.

ಅಧಿಕಾರಿಗಳು ತಾವೇ ಕಾವಲುಗಾರನನ್ನು ಕರೆಸಿ, ತಪ್ಪು ತಿಳಿದುಕೊಂಡಿದ್ದೆ ಎಂದರು. ಎಲ್ಲರ ಎದುರಿಗೇ ಹೇಳಿದರು, ಅದು ದೊಡ್ಡ ಮಾತೇ. ಕಳ್ಳತನದ ಆರೋಪ ಬಿಟ್ಟುಹೋಯಿತು. ಮರುದಿನದಿಂದ ಅವನು ಅದೇ ಮೂಲೆಗೆ ಕಾವಲಿಗೆ ಇಳಿದ. ನನ್ನ ಕೆಲಸ ಮುಗಿಯಿತೆಂದು ನಾನು ನಿಟ್ಟುಸಿರು ಬಿಟ್ಟೆ.

ಕೆಲವು ದಿನಗಳ ಮೇಲೆ ಶಿಫ್ಟ್ ಬಿಡುವ ಹೊತ್ತಿಗೆ ಸರ್ಚ್ ಕೋಣೆಯ ಕಡೆ ಹೋಗಿದ್ದೆ. ಅವನು ಬ್ಯಾಟರಿ ಕಳಚಿ ನೆಟ್ಟಗೆ ನಿಲ್ಲಿಸಿದ. ಪೌಚು ಬಿಚ್ಚಿ ಪಕ್ಕಕ್ಕಿಟ್ಟ. ಬೆಲ್ಟನ್ನು ಉದ್ದಕ್ಕೆ ಹಾಸಿದ. ಆಮೇಲೆ ಯಾರೂ ಹೇಳದಿದ್ದರೂ ಬೂಟು ಕಳಚಿ ತಲೆಕೆಳಗು ಮಾಡಿ ಕೊಡವಿದ. ಜೇಬುಗಳನ್ನು ನಾಲಿಗೆಯ ಹಾಗೆ ಹೊರಗೆಳೆದು ಬಿಟ್ಟ. ಸರ್ಚ್ ಮಾಡುವವನು ಮೈ ಮುಟ್ಟಿ ನೋಡಿ, ಆಯ್ತು ಹೋಗಪ್ಪ ಎಂದ. ಅವನು ಹೋಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬನಿಗೆ, "ನೀನೂ ಒಂದ್ಸಲ ನೋಡ್ಬುಡು" ಎಂದ.

ಉರಿಗಾಂ ಕಡೆಯಿಂದ ರೈಲಿನ ಕೂಗು ಕೇಳಿಸಿತು.

"ರೈಲು ಕಣೋ, ಓಡು. ಹಸುಗಳು?" ಎಂದೆ.

"ಅವ್ಳು ಕರ್ಕಂತಾಳೆ. ಓಗ್ಲಿ ಬುಡಣ್ಣಾ, ಇನ್ನೊಂದು ಬತ್ತದೆ" ಎಂದ.

ನನ್ನ ಕಡೆ ತಿರುಗಲಿಲ್ಲ. ಬರಿಗಾಲಲ್ಲಿ, ಎರಡೂ ಕೈ ಮೇಲೆತ್ತಿ, ಎರಡನೆಯವನು ಬಂದು ಹುಡುಕಲೆಂದು ಕಾಯುತ್ತ ನಿಂತಿದ್ದ.